ಟೊರ್ಟುಗೆರೊ: ರಸ್ತೆಯಿಲ್ಲದ ಕಡಲೂರಿಗೆ ವಯಸ್ಸಾದವರನ್ನು ಕರೆದೊಯ್ಯಬಹುದೇ?

ಪ್ರಶ್ನೆ – ಹ್ಯೂಸ್ಟನ್ ವಾಸಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬರಲಿರುವ ನನ್ನ ತಂದೆತಾಯಿಯರ ಜೊತೆ ಜುಲೈ ಕೊನೆಯಲ್ಲಿ ಕೋಸ್ಟರಿಕಕ್ಕೆ ಹೋಗಬೇಕೆಂದಿದ್ದೇನೆ. ಆ ದೇಶದ ಈಶಾನ್ಯ ಮೂಲೆಯಲ್ಲಿ, ಕೆರಿಬಿಯನ್ ಕಡಲಿಗೂ ಹಿನ್ನೀರಿಗೂ ನಡುವಿನ ಕಿರಿದಾದ ಮರಳ ಪಟ್ಟಿಯ ಮೇಲಿರುವ ಟೊರ್ಟುಗೆರೊ ಎಂಬ ಹಳ್ಳಿಗೆ ಹೋಗಿ, ರಾತ್ರಿ ಹೊತ್ತು ಕಡಲಾಮೆಗಳು ಮೊಟ್ಟೆಯಿಡುವುದನ್ನು ನೋಡಬೇಕೆಂಬುದು ಅಪ್ಪನವರ ಆಸೆ. ಅಲ್ಲಿಗೆ ರಸ್ತೆಯಿಲ್ಲ, ದೋಣಿಯಲ್ಲೋ ಸಣ್ಣ ವಿಮಾನದಲ್ಲೋ ಹೋಗಬೇಕು ಎಂದು ತಿಳಿದಾಗಿನಿಂದ ಅಮ್ಮನಿಗೆ ಅಳುಕು. ಅವರಿಗೆ ಮಂಡಿನೋವಿದೆ, ಜೊತೆಗೆ ಸಸ್ಯಾಹಾರಿ. ಹೋಗಿ ಬಂದವರು ದಾರಿ, ಊಟ ಮತ್ತು ರಾತ್ರಿಯ ನಡಿಗೆಯ ಬಗ್ಗೆ ತಿಳಿಸಿದರೆ ಉಪಕಾರವಾಗುತ್ತದೆ. ಇನ್ನೊಂದು ಸಂದೇಹವೂ ಇದೆ. ಹಿಂದೆ ಆಮೆ ಹಿಡಿಯುತ್ತಿದ್ದ ಊರೇ ಈಗ ಆಮೆ ಕಾಯುತ್ತಿದೆ ಎಂದು ಎಲ್ಲ ಕಡೆಯೂ ಬರೆದಿರುತ್ತಾರೆ. ಇದು ನಿಜವೋ, ಪ್ರವಾಸಿಗರಿಗೆಂದು ಹೊಸೆದ ಕಥೆಯೋ?

ಉತ್ತರ – ಬೆನ್ನುಚೀಲದವಳು

ಹೋಗಬಹುದು, ಸಾಮಾನು ಮಾತ್ರ ಹಗುರವಾಗಿರಲಿ. ರಾಜಧಾನಿ ಸ್ಯಾನ್ ಹೋಸೆಯಿಂದ 32ನೇ ಹೆದ್ದಾರಿಯಲ್ಲಿ ಬ್ರೌಲಿಯೊ ಕರೀಯೊ ಕಾಡಿನ ಘಟ್ಟವಿಳಿದರೆ ಗ್ವಾಪಿಲೆಸ್, ಅಲ್ಲಿಂದ ಕರಿಯಾರಿ, ಆಮೇಲೆ ಬಾಳೆತೋಟಗಳ ನಡುವೆ ಸಾಗಿ ಲಾ ಪವೋನ ಎಂಬ ದೋಣಿ ಹತ್ತುವ ಜಾಗ. ಮಳೆ ಜೋರಾದರೆ ಘಟ್ಟದಲ್ಲಿ ಮಣ್ಣು ಕುಸಿದು ಹೆದ್ದಾರಿ ಮುಚ್ಚುವುದುಂಟು. ಆದ್ದರಿಂದ ಮರಳುವ ದಿನವೇ ವಿಮಾನ ಹಿಡಿಯುವ ಲೆಕ್ಕಾಚಾರ ಬೇಡ. ಕಾರಿನಲ್ಲಿ ಹೋಗುವವರು ಅದನ್ನು ಲಾ ಪವೋನದಲ್ಲಿ ಹಣ ಕೊಟ್ಟು ನಿಲ್ಲಿಸಿ ಮುಂದುವರಿಯುತ್ತಾರೆ.

ಅಲ್ಲಿ ಹಡಗುಕಟ್ಟೆಯಂಥದ್ದೇನೂ ನನಗೆ ಕಾಣಲಿಲ್ಲ. ಸುಯೆರ್ತೆ ನದಿಯ ದಂಡೆಗೆ ಮೂತಿಯೂರಿ ನಿಂತ ಉದ್ದನೆಯ ದೋಣಿಗೆ ಇಳಿಜಾರಿನಲ್ಲಿ ನಡೆದುಬಂದು ಕಾಲೆತ್ತಿ ಹತ್ತಬೇಕು. ಅಮ್ಮನವರಿಗೆ ಕಷ್ಟವೆನಿಸುವುದು ಈ ಒಂದು ಗಳಿಗೆ ಮಾತ್ರ. ನಾವಿಕರು ಕೈಹಿಡಿದು ಹತ್ತಿಸಿಕೊಳ್ಳುತ್ತಾರೆ, ಚೀಲಗಳನ್ನು ತಾವೇ ಒಳಗೆ ಜೋಡಿಸುತ್ತಾರೆ. ಮುಂದಿನ ಒಂದು ಒಂದೂವರೆ ಗಂಟೆ ನದಿಯ ತಿರುವುಗಳಲ್ಲಿ ನಿಧಾನವಾಗಿ, ಅಗಲವಾದ ನೀರಿನಲ್ಲಿ ವೇಗವಾಗಿ ಸಾಗುವ ಪಯಣ. ಕಡಲಿಗೆ ಇಳಿಯುವುದೇ ಇಲ್ಲವಾದ್ದರಿಂದ ಅಲೆಯ ಹೊಡೆತವಿರುವುದಿಲ್ಲ. ಲಿಮೋನ್ ಬಂದರಿನ ಪಕ್ಕದ ಮೊಯಿನ್‌ನಿಂದಲೂ ಕಾಲುವೆಯಲ್ಲಿ ಬರಬಹುದಾದರೂ ಅದು ಹಲವು ಗಂಟೆಗಳ ದಾರಿ, ತಮಗೆ ಬೇಡ.

ಊರೊಳಗೆ ಕಾರುಗಳಿಲ್ಲ. ಕಾಲುದಾರಿ, ಸೈಕಲ್ಲು, ಸಾಮಾನಿಗೆ ತಳ್ಳುಗಾಡಿ, ಇಷ್ಟೇ. ದೊಡ್ಡ ಆಸ್ಪತ್ರೆ ಬೇಕಾದರೆ ಮತ್ತೆ ದೋಣಿ ಹತ್ತಿ ಗ್ವಾಪಿಲೆಸ್‌ವರೆಗೆ ಬರಬೇಕಾದ್ದರಿಂದ ನಿತ್ಯದ ಮಾತ್ರೆಗಳನ್ನು ಎರಡು ಕಡೆ ಹಂಚಿಟ್ಟುಕೊಳ್ಳುವುದು ಒಳ್ಳೆಯದು. ನಗದು ಹಣವನ್ನೂ ಅಲ್ಲಿನ ನಾಣ್ಯವಾದ ಕೋಲೋನ್‌ಗಳಲ್ಲಿ ಮೊದಲೇ ತೆಗೆದಿಟ್ಟುಕೊಳ್ಳಿ. ಊಟಕ್ಕೆ ತೊಂದರೆಯಾಗಲಾರದು. ನಮ್ಮ ರಾಜ್ಮಾದಂಥ ಕೆಂಪು ಕಾಳನ್ನು ತೆಂಗಿನಹಾಲಿನಲ್ಲಿ ಅನ್ನದೊಂದಿಗೆ ಬೇಯಿಸುವುದು ಆ ಕರಾವಳಿಯ ಕರಿಯ ಜನರ ಮನೆಯಡುಗೆ. ಜೊತೆಗೆ ಬಾಳೆಕಾಯಿಯನ್ನು ಜಜ್ಜಿ ಕರಿದ ಬಿಲ್ಲೆಗಳು. ಹಂದಿಕೊಬ್ಬು ಹಾಕಿದ್ದಾರೆಯೇ ಎಂದು ಮಾತ್ರ ಪ್ರತಿಸಲವೂ ಕೇಳಿ.

ಮಳೆಯ ಬಗ್ಗೆ ಶಿವಮೊಗ್ಗದವರಿಗೆ ನಾನು ಹೇಳಬೇಕಿಲ್ಲ. ವರ್ಷಕ್ಕೆ ಸುಮಾರು 6000 ಮಿಲಿಮೀಟರ್ ಮಳೆ ಬೀಳುವ ಆ ನಾಡನ್ನು ಆಗುಂಬೆಯ ಪಕ್ಕದಲ್ಲೇ ಇಡಬಹುದು. ಆದರೆ ಆಗುಂಬೆಯಲ್ಲಿ ಅದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಅಲ್ಲಿ ವರ್ಷವಿಡೀ ಹಂಚಿಹೋಗಿರುತ್ತದೆ.

ಉತ್ತರ – ಹಳೆಯ ಜೀವಶಾಸ್ತ್ರದ ಮೇಷ್ಟರು

ತಮ್ಮ ಕೊನೆಯ ಸಂದೇಹಕ್ಕೆ ನನ್ನ ಉತ್ತರ: ಕಥೆ ನಿಜ, ಆದರೆ ಅರ್ಧ ಮಾತ್ರ.

1950ರ ದಶಕದಲ್ಲಿ ಫ್ಲಾರಿಡ ವಿಶ್ವವಿದ್ಯಾಲಯದ ಪ್ರಾಣಿವಿಜ್ಞಾನಿ ಆರ್ಚಿ ಕಾರ್ ಅಲ್ಲಿಗೆ ಹೋದಾಗ, ಆಮೆ ಬರುವ ಕಾಲದಲ್ಲಿ ಕಡಲತೀರವನ್ನು ಸುಮಾರು ಒಂದೊಂದು ಮೈಲಿಯಂತೆ ಹಂಚಿಕೊಂಡಿದ್ದ 'ವೆಲಡೋರ್' ಎಂಬ ಕಾವಲಿನವರು ರಾತ್ರಿಯಿಡೀ ನಡೆದು, ದಡವೇರಿದ ಹೆಣ್ಣಾಮೆಗಳನ್ನು ಮಗುಚಿ ಹಾಕುತ್ತಿದ್ದರು. ಮಗುಚಿದ ಹಸಿರು ಕಡಲಾಮೆ ಮರಳಿನ ಮೇಲೆ ತಾನಾಗಿ ಹೊರಳಿಕೊಳ್ಳಲಾರದು. ಬಳಿಕ ಅದರ ಈಜುಗಾಲಿಗೆ ತೇಲುವ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಬಿಟ್ಟರೆ, ಅಲೆಗಳ ಆಚೆ ಕಾದಿರುವ ದೋಣಿಯವರು ಆ ತುಂಡನ್ನು ಗುರುತಿಸಿ ಎತ್ತಿಕೊಳ್ಳುತ್ತಿದ್ದರು. ಮಾಂಸವೂ, ಹೊಟ್ಟೆಚಿಪ್ಪಿನ ಒಳಪದರವೂ ಸೂಪಿನ ವ್ಯಾಪಾರಕ್ಕೆ ಹೋಗುತ್ತಿದ್ದವು. ಕಾರ್ 1955ರಲ್ಲಿ ಆಮೆಗಳಿಗೆ ಗುರುತಿಗಾಗಿ ಲೋಹದ ಬಿಲ್ಲೆ ತೊಡಿಸಲು ತೊಡಗಿದರು. 1959ರಲ್ಲಿ ಹುಟ್ಟಿದ ಸಂಸ್ಥೆಯೊಂದು, ಈಗ ಸೀ ಟರ್ಟಲ್ ಕನ್ಸರ್ವೆನ್ಸಿ ಎಂಬ ಹೆಸರಿನಲ್ಲಿ, ಆ ಕೆಲಸವನ್ನು ಇಂದಿಗೂ ನಡೆಸುತ್ತಿದೆ. 1970ರಲ್ಲಿ ಸರ್ಕಾರಿ ಆದೇಶದಿಂದ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು, 1975ರಲ್ಲಿ ಅದಕ್ಕೆ ಶಾಸನದ ಬಲ ಬಂತು.

ಇಷ್ಟರಿಂದಲೇ ಊರು ಬದಲಾಯಿತು ಎಂದು ಕೆಲವರು ಬರೆಯುತ್ತಾರೆ, ನಾನು ಒಪ್ಪುವುದಿಲ್ಲ. ಮರ ಕೊಯ್ಯುವ ಉದ್ಯಮ ಬಂದು ಹೋದ ಮೇಲೆ ಬೇರೆ ದುಡಿಮೆಯಿಲ್ಲದ ಊರಿನಲ್ಲಿ ಕಾನೂನೊಂದೇ ಯಾರ ಹೊಟ್ಟೆಯನ್ನೂ ತುಂಬಿಸಲಾರದು. ಕತ್ತಲಲ್ಲಿ ಮರಳಿನ ಮೇಲಿನ ಜಾಡು ನೋಡಿಯೇ ಆಮೆ ಏರಿದ್ದೋ ಇಳಿದಿದ್ದೋ ಹೇಳಬಲ್ಲ ಜನರ ವಿದ್ಯೆಗೆ 1990ರ ದಶಕದಲ್ಲಿ ಮಾರ್ಗದರ್ಶಿಗಳ ತರಬೇತಿಯ ಮೂಲಕ ಕೂಲಿ ಹುಟ್ಟಿತು. ಬದಲಾವಣೆಯ ತಿರುಳು ಅದು. ಈಗ ಸಂಜೆಯಾದ ಮೇಲೆ ಪರವಾನಗಿಯುಳ್ಳ ಮಾರ್ಗದರ್ಶಿಯಿಲ್ಲದೆ ತೀರಕ್ಕೆ ಇಳಿಯುವಂತಿಲ್ಲ. ಪ್ರವಾಸಿಗರ ಗುಂಪು ತೀರದ ಹಿಂದೆ ಕಾಯುತ್ತದೆ. ಊರಿನವರೇ ಆದ ಗುರುತುಗಾರರು ಮುಂದೆ ನಡೆದು, ಆಮೆ ಗುಂಡಿ ತೋಡಿ ಮೊಟ್ಟೆಯಿಡತೊಡಗಿದ ಮೇಲಷ್ಟೇ ರೇಡಿಯೊದಲ್ಲಿ ಕರೆಯುತ್ತಾರೆ. ಆ ಹೊತ್ತಿನಲ್ಲಿ ಅದು ಸುಲಭಕ್ಕೆ ಬೆದರುವುದಿಲ್ಲ. ಮಾರ್ಗದರ್ಶಿಯ ಕೆಂಪು ದೀಪ ಹಿಂಬದಿಗೆ ಬಿದ್ದಾಗ, ಲೋಳೆ ಮೆತ್ತಿದ ಬಿಳಿಯ ಮೊಟ್ಟೆಗಳು ಎರಡೋ ಮೂರೋ ಒಟ್ಟಿಗೆ ಗುಂಡಿಗೆ ಉದುರುವುದು ಕಾಣುತ್ತದೆ. ಒಂದು ಸಲಕ್ಕೆ ನೂರು ಮೀರುತ್ತವೆ. ಫೋನು, ಕ್ಯಾಮೆರಾ, ಟಾರ್ಚು ಯಾವುದಕ್ಕೂ ಅವಕಾಶವಿಲ್ಲ.

ಉಳಿದರ್ಧ ಇಷ್ಟು ಹಿತವಾದುದಲ್ಲ. ಲಿಮೋನ್ ಬಂದರಿನ ಮೀನುಗಾರರಿಗೆ ನಿಗದಿತ ಸಂಖ್ಯೆಯಲ್ಲಿ ಹಸಿರು ಕಡಲಾಮೆ ಹಿಡಿಯಲು ಇದ್ದ ಅನುಮತಿ ನ್ಯಾಯಾಲಯದ ತೀರ್ಪಿನಿಂದ ರದ್ದಾದದ್ದು 1999ರಲ್ಲಿ. ಟೊರ್ಟುಗೆರೊದಲ್ಲಿ ಮೊಟ್ಟೆಯಿಟ್ಟ ಆಮೆಗಳು ಮೇಯಲು ಹೋಗುವುದು ನಿಕರಾಗುವದ ಮಿಸ್ಕಿಟೊ ದ್ವೀಪಗಳ ಸುತ್ತಲಿನ ಕಡಲಹುಲ್ಲಿಗೆ, ಮತ್ತು ಅಲ್ಲಿನ ಜನರಿಗೆ ಅದು ತಲೆತಲಾಂತರದ ಆಹಾರ. ಕಾರ್ ತೊಡಿಸಿದ ಬಿಲ್ಲೆಗಳಲ್ಲಿ ಮರಳಿ ಬಂದವು ಬಹುಪಾಲು ಅಲ್ಲಿಂದಲೇ ಬಂದವು. ಪಶ್ಚಿಮಾರ್ಧ ಗೋಳದಲ್ಲಿ ಹಸಿರು ಕಡಲಾಮೆಗಳ ಅತಿ ದೊಡ್ಡ ತವರು ಎನಿಸಿದ ಆ ತೀರದಲ್ಲೂ ಗೂಡುಗಳ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ಇಳಿಮುಖವಾಗಿದೆ.

ಹಣದ ಹರಿವನ್ನೂ ತಾವು ಗಮನಿಸಬೇಕು. ದೊಡ್ಡ ಲಾಡ್ಜುಗಳಲ್ಲಿ ಹಲವು ಹಿನ್ನೀರಿನ ಆಚೆ ದಡದಲ್ಲಿವೆ. ಅವುಗಳ ಪ್ಯಾಕೇಜಿನಲ್ಲಿ ಬಂದವರು ಅವುಗಳದೇ ದೋಣಿಯಲ್ಲಿ ಬಂದು, ಅಲ್ಲೇ ಉಂಡು, ಊರಿನ ಬೀದಿಯಲ್ಲಿ ಗಂಟೆ ಹೊತ್ತು ಸುತ್ತಿ ಹೋಗುತ್ತಾರೆ. ಸಾಧ್ಯವಿದ್ದರೆ ಹಳ್ಳಿಯೊಳಗಿನ ಸಣ್ಣ ವಸತಿಗೃಹದಲ್ಲೇ ಉಳಿದು, ಅಲ್ಲಿನ ಮಾರ್ಗದರ್ಶಿಯನ್ನೇ ಗೊತ್ತುಮಾಡಿಕೊಳ್ಳಿ.

ಉತ್ತರ – ಕುಂದಾಪ್ರದವ

ಮೇಷ್ಟರ ಮಾತಿಗೆ ಒಂದು ಸೇರ್ಪಡೆ. ನಮ್ಮ ಕುಂದಾಪುರ, ಹೊನ್ನಾವರದ ತೀರಗಳಲ್ಲಿ ಚಳಿಗಾಲದ ಹೊತ್ತಿಗೆ ಮೊಟ್ಟೆಯಿಡುವುದು ಆಲಿವ್ ರಿಡ್ಲೆ ಆಮೆ. ಗೂಡು ಕಂಡ ಮೀನುಗಾರರು ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ, ಅದಕ್ಕೆ ಬೇಲಿ ಕಟ್ಟಲಾಗುತ್ತದೆ. ಆದರೆ ನಮ್ಮಲ್ಲಿ ಹೆದ್ದಾರಿ, ಬಂದರು, ದೀಪ, ನಾಯಿ ಎಲ್ಲವೂ ತೀರಕ್ಕೆ ಅಂಟಿಕೊಂಡೇ ಇರುವುದರಿಂದ ಕಾಯುವ ಕೆಲಸ ಬೇರೆಯೇ ಬಗೆಯದು. ಅಲ್ಲಿ ಸುಮಾರು 35 ಕಿಲೋಮೀಟರ್ ಉದ್ದದ ತೀರ ಬಹುತೇಕ ಕತ್ತಲಾಗಿರುತ್ತದೆ, ಆಮೆಯನ್ನು ತಿನ್ನಲು ಕಾಡಿನಿಂದ ಜಾಗ್ವಾರ್ ಇಳಿಯುತ್ತದೆ. ರಸ್ತೆಯಿಲ್ಲದ್ದರಿಂದ ಆಮೆಗೆ ಲಾಭವಾಯಿತು, ಸರಿ. ಹೆರಿಗೆನೋವು ಬಂದ ಹೆಂಗಸಿಗೂ ಲಾಭವಾಯಿತೆಂದು ನಾನು ಹೇಳಲಾರೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಹಳ್ಳಿಯೊಳಗೇ ಉಳಿಯಲು ನಿರ್ಧರಿಸಿದ್ದೇವೆ. ಅಮ್ಮನಿಗೆ ಮರಳಿನಲ್ಲಿ ಎಷ್ಟು ದೂರ ನಡೆಯಬೇಕಾಗಬಹುದು? ಅಪ್ಪ ಕಡಲಲ್ಲಿ ಈಜಬಹುದೇ?

ಉತ್ತರ – ಬೆನ್ನುಚೀಲದವಳು

ಆಮೆ ಎಲ್ಲಿ ಏರುತ್ತದೋ ಅಲ್ಲಿಯವರೆಗೆ. ಕೆಲವೊಮ್ಮೆ ಹತ್ತಿರ, ಕೆಲವೊಮ್ಮೆ ಒಂದೆರಡು ಕಿಲೋಮೀಟರ್. ಮಂಡಿನೋವಿನ ವಿಷಯವನ್ನು ಗೊತ್ತುಮಾಡುವಾಗಲೇ ಮಾರ್ಗದರ್ಶಿಗೆ ಹೇಳಿ, ರಾತ್ರಿ ಎಂಟರ ಸರದಿ ಕೇಳಿ. ಹತ್ತರದ್ದು ನಡುರಾತ್ರಿಯವರೆಗೆ ಎಳೆಯುತ್ತದೆ. ಗಾಢ ಬಣ್ಣದ ಬಟ್ಟೆ, ಮುಚ್ಚಿದ ಷೂ ಇರಲಿ. ಕಡಲಲ್ಲಿ ಈಜುವುದು ಬೇಡವೇ ಬೇಡ: ಸೆಳೆತ ಬಲವಾಗಿದೆ, ಶಾರ್ಕ್‌ಗಳೂ ಇವೆ. ಹಿನ್ನೀರಿನಲ್ಲೂ ಇಳಿಯಬಾರದು, ಅಲ್ಲಿ ಮೊಸಳೆಗಳಿವೆ. ಅಪ್ಪನವರಿಗೆ ಬೆಳಗಿನ ಆರಕ್ಕೆ ಹೊರಡುವ ಹುಟ್ಟಿನ ದೋಣಿಯ ಸವಾರಿ ಗೊತ್ತುಮಾಡಿ. ಮೋಟಾರಿನ ಸದ್ದಿಲ್ಲದಿದ್ದರೆ ಹಕ್ಕಿಗಳೂ ಕೋತಿಗಳೂ ಹತ್ತಿರದಿಂದ ಕಾಣುತ್ತವೆ.