ವಿಂಡೋಸ್ 11 ಹಾಕಲಾ ಅಂತ ಕೇಳಿದ ಚಿಕ್ಕಪ್ಪನಿಗೆ

ಚಿಕ್ಕಪ್ಪ, ನಮ್ಮ ಮನೆಯವರ ಗುಂಪಿನಲ್ಲಿ ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿದಿದೆ ಅಂತ ಲ್ಯಾಪ್‌ಟಾಪ್ ಮತ್ತೆ ಮತ್ತೆ ತೋರಿಸುತ್ತಿದೆ, 11 ಹಾಕಿಬಿಡಲಾ ಅಂತ ಕೇಳಿದ್ದೀರಿ. ಅದಕ್ಕೆ ಒಬ್ಬರು ಸುಮ್ನೆ ಬಟನ್ ಒತ್ತಿ ಅಂದಿದ್ದಾರೆ, ಇನ್ನೊಬ್ಬರು ಒತ್ತಲೇಬೇಡಿ, ಸ್ಲೋ ಆಗುತ್ತದೆ ಅಂದಿದ್ದಾರೆ. ನಮ್ಮ ಮನೆಯದು, ಅಕ್ಕನದು, ಭಾವನ ಅಂಗಡಿಯದು ಎಲ್ಲದಕ್ಕೂ ನಾನೇ ಕೂತು ಹಾಕಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಟೀ ಕುಡಿಯುತ್ತಾ ಓದಿ.

ಮೊದಲು ಗಾಬರಿ ಬಿಡಿ. 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತು ನಿಜ. ಹಾಗಂತ ಲ್ಯಾಪ್‌ಟಾಪ್ ನಿಂತುಹೋಗುವುದಿಲ್ಲ. ಹೊಸ ಸೆಕ್ಯುರಿಟಿ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಅಷ್ಟೆ. ಆದರೆ ನೀವು ಬ್ಯಾಂಕ್ ಕೆಲಸವೆಲ್ಲ ಅದರಲ್ಲೇ ಮಾಡುತ್ತೀರಿ, ವರ್ಷಗಟ್ಟಲೆ ಹಾಗೇ ಬಿಡುವುದೂ ಬೇಡ.

ಇನ್‌ಸ್ಟಾಲ್ ಆಗುವುದು ದೊಡ್ಡ ವಿಷಯವೇ ಅಲ್ಲ. ಡೌನ್‌ಲೋಡ್ ಆಗುತ್ತದೆ, ಕೆಲವು ಸಲ ರೀಸ್ಟಾರ್ಟ್ ಆಗುತ್ತದೆ, ಪರ್ಸೆಂಟ್ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ, ಆಗ ಪವರ್ ಬಟನ್ ಮುಟ್ಟದೆ ಇದ್ದರೆ ಸಾಕು. ಫೋಟೋ, ಫೈಲ್, ಹಾಕಿಕೊಂಡ ಸಾಫ್ಟ್‌ವೇರ್ ಎಲ್ಲ ಹಾಗೇ ಉಳಿಯುತ್ತದೆ. ಆದರೂ ಮುಖ್ಯವಾದದ್ದನ್ನೆಲ್ಲ ಒಂದು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಯೇ ಶುರು ಮಾಡಬೇಕು. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಒಂದು ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಅಳಿಸಿಹಾಕಿ, ಕೊನೆಗೆ ಮೈಕ್ರೋಸಾಫ್ಟ್ ಆ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿ ನವೆಂಬರ್‌ನಲ್ಲಿ ಮತ್ತೆ ಬಿಟ್ಟಿತ್ತು. ಅಪರೂಪಕ್ಕೆ ಆಗಿದ್ದು ನಿಜ, ಆದರೆ ಮಕ್ಕಳ ಮದುವೆ ಫೋಟೋ ಹೋದರೆ ಯಾರನ್ನು ಕೇಳುತ್ತೀರಿ?

ನನಗೆ ನಿಜವಾಗಿ ಭಯ ಇರುವುದು ಬೇರೆ ಕಡೆ. ನಿಮ್ಮ ಲ್ಯಾಪ್‌ಟಾಪ್ ಯಾರ ಇಮೇಲ್‌ನಲ್ಲಿ ಓಪನ್ ಆಗಿದೆ? ತಂದ ದಿನ ಅಂಗಡಿಯ ಹುಡುಗನೇ ಎಲ್ಲ ಸೆಟ್ ಮಾಡಿಕೊಟ್ಟ ಅಂದಿದ್ದಿರಿ ಅಲ್ವಾ, ಅದಕ್ಕೇ ಕೇಳುತ್ತಿದ್ದೇನೆ. ಅಕ್ಕನದೂ ಹಾಗೇ ಆಗಿತ್ತು. 11 ಹಾಕುವ ಮುಂಚೆ ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ ಪ್ರೋಗ್ರಾಮ್) ಅಪ್‌ಡೇಟ್ ಮಾಡಿದೆವು, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ) ರಿಕವರಿ ಕೀ, 48 ಅಂಕಿಯದು, ಹಾಕಿ ಅಂದಿತು. ಅಕ್ಕ ಅಂಥ ಹೆಸರನ್ನೇ ಕೇಳಿರಲಿಲ್ಲ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಶುರು ಮಾಡಿದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬೀಳುತ್ತದೆ, ಕೀ ಆ ಖಾತೆಗೆ ಹೋಗಿ ಕೂರುತ್ತದೆ. ಅಕ್ಕನ ಲ್ಯಾಪ್‌ಟಾಪ್‌ಗೆ ಅಂಗಡಿಯವರು ತಮ್ಮದೇ ಇಮೇಲ್ ಹಾಕಿದ್ದರು. ಅಂದರೆ ಡಿಸ್ಕ್ ಅಕ್ಕನದು, ಕೀ ಅವರ ಹತ್ತಿರ! ಪುಣ್ಯಕ್ಕೆ ಅವರು ಅಂಗಡಿ ಮುಚ್ಚಿರಲಿಲ್ಲ, ಪಾಸ್‌ವರ್ಡ್ ಮರೆತಿರಲಿಲ್ಲ, ಹುಡುಕಿ ಕೊಟ್ಟರು. ಕೊಡದಿದ್ದರೆ ಫಾರ್ಮ್ಯಾಟ್ ಮಾಡುವುದೊಂದೇ ದಾರಿ, ಕಳೆದ ಕೀಯನ್ನು ಮೈಕ್ರೋಸಾಫ್ಟ್‌ನವರೂ ಹುಡುಕಿಕೊಡಲಾರರು. ಆದ್ದರಿಂದ ಸೆಟ್ಟಿಂಗ್ಸ್, ಅಕೌಂಟ್ಸ್, ಯುವರ್ ಇನ್ಫೋ ಅಂತ ಹೋಗಿ ಇಮೇಲ್ ನೋಡಿ. ನಿಮ್ಮದೇ ಆಗಿದ್ದರೆ ಅದೇ ಖಾತೆಯಲ್ಲಿ ಮೈಕ್ರೋಸಾಫ್ಟ್ ವೆಬ್‌ಸೈಟಿಗೆ ಲಾಗಿನ್ ಆದರೆ ಕೀ ಸಿಗುತ್ತದೆ. ಡೈರಿಯಲ್ಲಿ ಬರೆದಿಡಿ, ಅದೇ ಲ್ಯಾಪ್‌ಟಾಪ್ ಒಳಗೆ ಸೇವ್ ಮಾಡಬೇಡಿ ದಯವಿಟ್ಟು. ಬೇರೆಯವರ ಇಮೇಲ್ ಕಂಡರೆ ಏನನ್ನೂ ಒತ್ತದೆ ನನಗೆ ಫೋನ್ ಮಾಡಿ.

ಇನ್ನು ನಿಮ್ಮದಕ್ಕೆ 11 ಹಿಡಿಸುತ್ತದೆಯೇ? ಪ್ರೊಸೆಸರ್ (ಲ್ಯಾಪ್‌ಟಾಪಿನ ಮುಖ್ಯ ಚಿಪ್) ಐ5 ಇದೆ ಅಂದ ಮಾತ್ರಕ್ಕೆ ಆಗುವುದಿಲ್ಲ, ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಆಮೇಲಿನದೋ ಬೇಕು. ಐ5-8250ಯು ಅಂತ ಇದ್ದರೆ ಸರಿ, ಐ5-7200ಯು ಅಂತ ಇದ್ದರೆ ಇಲ್ಲ. ಜೊತೆಗೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಕೂಡ ಬೇಕು. ಪಿಸಿ ಹೆಲ್ತ್ ಚೆಕ್ ಅಂತ ಮೈಕ್ರೋಸಾಫ್ಟ್‌ನದೇ ಆ್ಯಪ್ ಇದೆ, ಅದು ಹೇಳಿಬಿಡುತ್ತದೆ. ರ್‍ಯಾಮ್ 4 ಜಿಬಿ ಸಾಕು ಅಂತ ಲೆಕ್ಕದಲ್ಲಿದೆ. ನನ್ನನ್ನು ಕೇಳಿದರೆ 8 ಇಲ್ಲದೆ, ಎಸ್‌ಎಸ್‌ಡಿ (ಹಳೇ ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ಇಲ್ಲದೆ ಹಾಕಬೇಡಿ. ಸ್ಲೋ ಆಯಿತು ಅಂತ ಬೈಯುವವರಲ್ಲಿ ಎಷ್ಟೋ ಜನರದ್ದು ಹಳೇ ಹಾರ್ಡ್ ಡಿಸ್ಕ್.

ಹಿಡಿಸದಿದ್ದರೆ ಹೊಸದು ಕೊಳ್ಳಲು ಓಡಬೇಡಿ. ವಿಂಡೋಸ್ 10ಕ್ಕೇ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಪಡೆಯುವ ಯೋಜನೆ ಇದೆ, ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಅಂತ ಬರುತ್ತದೆ. 30 ಡಾಲರ್ ಅಂತ ಬೆಲೆ ಇಟ್ಟಿದ್ದಾರೆ, ಆದರೆ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಬೇಡ. ಅದಕ್ಕೂ ಖಾತೆ ಬೇಕು, ನೋಡಿ, ಎಲ್ಲಿಗೆ ಹೋದರೂ ಮತ್ತೆ ಇಮೇಲ್‌ಗೇ ಬಂತು. ಇನ್ನು ಯೂಟ್ಯೂಬ್ ನೋಡಿ, ಪ್ರೊಸೆಸರ್, ಟಿಪಿಎಂ ಚೆಕ್ ತಪ್ಪಿಸಿ 11 ಹಾಕುವ ಐಡಿಯಾ ನಮ್ಮ ಗುಂಪಿನಲ್ಲೇ ಬಂದಿದೆ. ಆಗುತ್ತದೆ, ಆದರೆ ಮುಂದೆ ಅಪ್‌ಡೇಟ್ ಬರುವುದಕ್ಕೆ ಗ್ಯಾರಂಟಿ ಇಲ್ಲ. ಸೆಕ್ಯುರಿಟಿಗೆ ಅಂತಲೇ ಹಾಕಿ ಅದೇ ಬರದಿದ್ದರೆ ಏನು ಲಾಭ?

ಅತ್ತಿಗೆ, ನುಡಿ (ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್) ಉಳಿಯುತ್ತದಾ ಅಂತ ನೀವು ಕೇಳಿದ ವಿಷಯ. ಅಪ್‌ಗ್ರೇಡ್ ಮಾಡಿದರೆ ನುಡಿ ಫಾಂಟ್ ಎಲ್ಲ ಉಳಿಯುತ್ತದೆ, ನಿಮ್ಮ ಹಳೇ ಪ್ರಶ್ನೆಪತ್ರಿಕೆಗಳು ಮೊದಲಿನ ಹಾಗೇ ಓಪನ್ ಆಗುತ್ತವೆ. ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸಿದರೆ ಮಾತ್ರ ಫಾಂಟ್ ಹೋಗಿ ಅಕ್ಷರದ ಬದಲು ಏನೇನೋ ಚಿಹ್ನೆ ಕಾಣುತ್ತದೆ, ನುಡಿ ಮತ್ತೆ ಹಾಕಿಸಬೇಕು. ವಿಂಡೋಸ್‌ನ ತುಂಗಾ ಅನ್ನುವ ಕನ್ನಡ ಫಾಂಟ್ ಕಾಣದಿದ್ದರೆ ಆಪ್ಷನಲ್ ಫೀಚರ್ಸ್ ಒಳಗೆ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಇದೆ, ಅದನ್ನು ಸೇರಿಸಿ.

ಭಾವನ ಬಿಲ್ ಪ್ರಿಂಟರ್ ಮಾತ್ರ ಹಟ ಮಾಡಿತು, ಹೊಸ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಹಾಕಿದ ಮೇಲೆ ಸರಿಹೋಯಿತು. ಸ್ಟಾರ್ಟ್ ಬಟನ್ ಮಧ್ಯಕ್ಕೆ ಬಂದಿರುತ್ತದೆ, ಬೇಕಾದರೆ ಎಡಕ್ಕೆ ತರಬಹುದು. ಏನೂ ಇಷ್ಟವಾಗದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿ ಹಳೆಯದಕ್ಕೆ ಹೋಗಬಹುದು. ಅದು ದಾಟಿದರೆ ಆ ದಾರಿ ಮುಚ್ಚುತ್ತದೆ, ಆದ್ದರಿಂದ ಹಾಕಿದ ವಾರವೇ ಪ್ರಿಂಟರ್, ಟ್ಯಾಲಿ, ಬ್ಯಾಂಕ್ ಎಲ್ಲ ಒಮ್ಮೆ ತೆರೆದು ನೋಡಿ.

ಈಗ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಪುಟದ ಫೋಟೋ ತೆಗೆದು ನನಗೆ ಕಳಿಸಿ, ಗುಂಪಿಗೆ ಬೇಡ. ಯುವರ್ ಇನ್ಫೋದಲ್ಲಿ ಯಾರ ಇಮೇಲ್ ಇದೆ ಅಂತಲೂ ಹೇಳಿ. ಎಲ್ಲ ಸರಿ ಇದ್ದರೆ ಭಾನುವಾರ ಮನೆಗೆ ಬರುತ್ತೇನೆ, ಮೊಬೈಲ್ ಹಾಟ್‌ಸ್ಪಾಟ್ ಸಾಕಾಗುವುದಿಲ್ಲ, ಪಕ್ಕದ ಮನೆಯ ವೈಫೈ ಕೇಳಿಟ್ಟಿರಿ.