ಗೊಂಬೆ ತಲೆಗೆ ಒಳಗಡೆ ಬೇಸ್ ಏನು ಹಾಕ್ತೀರಾ? ಕ್ಲೇ ಒಣಗಿದ ಮೇಲೆ ಬಿರುಕು ಬರ್ತಿದೆ

ಬಟ್ಟೆಗೊಂಬೆ:
ಎಲ್ರಿಗೂ ನಮಸ್ಕಾರ. ಬಟ್ಟೆ ಮೈ ಇರೋ ಗೊಂಬೆಗೆ ತಲೆ ಮಾತ್ರ ಕ್ಲೇನಲ್ಲಿ ಮಾಡ್ತಿದೀನಿ, ಎತ್ತರ 7 ಸೆಂ.ಮೀ. ಇರ್ಬೋದು. ಒಳಗೆ ಥರ್ಮಾಕೋಲ್ ಉಂಡೆ, ಅದರ ಮೇಲೆ ಗಾಳಿಗೆ ಒಣಗೋ ಪೇಪರ್ ಕ್ಲೇ. ಹಸಿ ಇದ್ದಾಗ ಮುಖ ಚೆನ್ನಾಗೇ ಬರುತ್ತೆ, ಒಣಗ್ತಾ ಒಣಗ್ತಾ ಹಣೆ ಮೇಲಿಂದ ಹಿಂದಲೆವರೆಗೂ ಉದ್ದಕ್ಕೆ ಸೀಳುತ್ತೆ, ಮೂಗಿನ ಪಕ್ಕದಲ್ಲಿ ಸಣ್ಣ ಸಣ್ಣ ಗೆರೆ ಬೇರೆ. ಇದು ಕ್ಲೇ ಸಮಸ್ಯೆನಾ, ನೀರು ಜಾಸ್ತಿ ಆಗ್ತಿದ್ಯಾ, ಇಲ್ಲ ಉಂಡೆದಾ? ಕೆಲವ್ರು ಪಾಲಿಮರ್ ಕ್ಲೇ ತಗೋ ಅಂತಾರೆ ಆದ್ರೆ ಅದನ್ನ ಓವನ್‌ನಲ್ಲಿ ಇಡ್ಬೇಕಲ್ವಾ, ಆಗ ಒಳಗಿರೋ ಥರ್ಮಾಕೋಲ್ ಗತಿ ಏನು? ಇನ್ನೊಂದು ವಿಷ್ಯ, ಎದುರಿಂದ ನೋಡಿದ್ರೆ ಮುಖ ಪರವಾಗಿಲ್ಲ, ಪಕ್ಕದಿಂದ ನೋಡಿದ್ರೆ ಉಂಡೆಗೆ ಮುಖವಾಡ ಅಂಟಿಸಿದ ಹಾಗೆ ಕಾಣುತ್ತೆ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಜೇಡಿಮಣ್ಣು:
ಕ್ಲೇದೂ ತಪ್ಪಿಲ್ಲ ಉಂಡೆದೂ ತಪ್ಪಿಲ್ಲ, ಎರಡೂ ಜೊತೆ ಸೇರಿದಾಗ ಹೀಗಾಗೋದು. ಪೇಪರ್ ಕ್ಲೇ ಒಣಗುತ್ತೆ ಅಂದ್ರೆ ಅದರಲ್ಲಿರೋ ನೀರು ಹೋಗುತ್ತೆ, ನೀರು ಹೋದಷ್ಟು ಅದು ಕುಗ್ಗುತ್ತೆ. ಒಳಗಿನ ಉಂಡೆ ಮಾತ್ರ ಇದ್ದಷ್ಟೇ ಇರುತ್ತೆ. ಹೊರಗಿನದು ಬಿಗಿಯಾಗ್ತಾ ಹೋದಾಗ ಎಲ್ಲಿ ತೆಳು ಇದ್ಯೋ, ಎಲ್ಲಿ ಎರಡು ತುಂಡು ಸೇರಿಸಿದೀರೋ ಅಲ್ಲೇ ಬಾಯಿ ಬಿಡುತ್ತೆ. ಮೂಗಿನ ಪಕ್ಕ ಬರ್ತಿರೋದೂ ಅದಕ್ಕೇ, ಮೂಗು ದಪ್ಪ ಅಂತ ನಿಧಾನಕ್ಕೆ ಒಣಗುತ್ತೆ, ಕೆನ್ನೆ ಬೇಗ ಒಣಗಿ ಎಳೆಯುತ್ತೆ.

ಹಾಗಾಗಿ ಒಂದೇ ಸಲಕ್ಕೆ ಪೂರ್ತಿ ಮುಖ ಮಾಡೋಕೆ ಹೋಗ್ಬೇಡಿ. ಥರ್ಮಾಕೋಲ್ ನುಣುಪಾಗಿದ್ರೆ ಸ್ಯಾಂಡ್‌ಪೇಪರ್‌ನಲ್ಲಿ ಸ್ವಲ್ಪ ಒರಟು ಮಾಡಿ, ಬಿಳಿ ಅಂಟು ತೆಳ್ಳಗೆ ಸವರಿ, ಅದು ಅಂಟಂಟು ಇರೋವಾಗ್ಲೇ 3-4 ಮಿ.ಮೀ. ದಪ್ಪಕ್ಕೆ ಎಲ್ಲಾ ಕಡೆ ಸಮನಾಗಿ ಒಂದು ಪದರ ಹಚ್ಚಿ, ಕಣ್ಣು ಮೂಗು ಏನೂ ಬೇಡ. ಪೂರ್ತಿ ಒಣಗೋಕೆ ಬಿಡಿ. ಈ ಪದರ ಬಿರುಕು ಬಿಟ್ರೆ ಬಿಡ್ಲಿ, ಕುಗ್ಗೋದೆಲ್ಲಾ ಇದರಲ್ಲೇ ಮುಗಿದ್ಬಿಡುತ್ತೆ. ಆಮೇಲೆ ಅದೇ ಕ್ಲೇನ ನೀರಲ್ಲಿ ಕದಡಿ ಪೇಸ್ಟ್ ಥರ ಮಾಡ್ಕೊಂಡು ಬಿರುಕಿನ ಒಳಗೆ ಒತ್ತಿ ತುಂಬಿ. ಮುಖದ ಕೆಲಸ ಎಲ್ಲಾ ಇದರ ಮೇಲೆ, ಆದ್ರೆ ಹೊಸ ಕ್ಲೇ ಇಡೋ ಜಾಗನ ಮೊದ್ಲು ಗೀರಿ ಒದ್ದೆ ಮಾಡ್ಬೇಕು, ಒಣ ಮೈ ಮೇಲೆ ಹಾಗೇ ಇಟ್ರೆ ಕೆಳಗಿನದು ನೀರು ಹೀರ್ಕೊಂಡ್ಬಿಡುತ್ತೆ, ಒಣಗಿದ ಮೇಲೆ ಮೂಗು ಇಡಿಯಾಗಿ ಎದ್ದು ಬರುತ್ತೆ.

ನೀರಿನ ಬಗ್ಗೆ ಕೇಳಿದ್ರಲ್ಲ, ನುಣುಪು ಬರ್ಲಿ ಅಂತ ಬೆರಳನ್ನ ಮತ್ತೆ ಮತ್ತೆ ನೀರಲ್ಲಿ ಅದ್ದಿ ಉಜ್ಜಬೇಡಿ. ನೀರು ಜಾಸ್ತಿ ಆದಷ್ಟೂ ಕುಗ್ಗೋದು ಜಾಸ್ತಿ. ನುಣುಪು ಬೇಕಿದ್ರೆ ಒಣಗಿದ ಮೇಲೆ ಸ್ಯಾಂಡ್‌ಪೇಪರ್ ಇದೆ, ಆಗ ಮಾಸ್ಕ್ ಹಾಕ್ಕೊಳ್ಳಿ, ಆ ಧೂಳು ಎದೆಗೆ ಒಳ್ಳೇದಲ್ಲ. ಬಿಸಿಲಲ್ಲಿ, ಫ್ಯಾನ್ ಕೆಳಗೆ ಇಡೋದೂ ಬೇಡ, ಮೊದಲ ಕೆಲವು ಗಂಟೆ ಮೇಲೊಂದು ಪ್ಲಾಸ್ಟಿಕ್ ಸಡಿಲವಾಗಿ ಮುಚ್ಚಿಟ್ರೆ ನಿಧಾನಕ್ಕೆ ಒಣಗುತ್ತೆ, ನಿಧಾನಕ್ಕೆ ಒಣಗಿದ್ದು ಕಮ್ಮಿ ಸೀಳುತ್ತೆ.

ಓವನ್‌ಕೆಲಸ:
ಪಾಲಿಮರ್ ಕ್ಲೇ ಪ್ರಶ್ನೆಗೆ ನಾನು ಹೇಳ್ತೀನಿ. ಓವನ್‌ಗೆ ಥರ್ಮಾಕೋಲ್ ಬೇಡವೇ ಬೇಡ. ಅದು ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್, ಹೆಚ್ಚುಕಮ್ಮಿ 100 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗಿ ಮುದುಡ್ಕೊಳ್ಳುತ್ತೆ. ಪಾಲಿಮರ್ ಕ್ಲೇ ಗಟ್ಟಿಯಾಗೋಕೆ ಅದಕ್ಕಿಂತ ಜಾಸ್ತಿ ಬಿಸಿ ಬೇಕು, ಫಿಮೋ ಬ್ರ್ಯಾಂಡ್ ಆದ್ರೆ 110, ಸ್ಕಲ್ಪಿ ಬ್ರ್ಯಾಂಡ್ ಆದ್ರೆ 130, ನಿಮ್ಮ ಪ್ಯಾಕೆಟ್ ಮೇಲೆ ಏನಿದ್ಯೋ ಅದೇ ಸರಿ. ಕ್ಲೇ ಗಟ್ಟಿಯಾಗೋ ಮೊದಲೇ ಒಳಗಿನ ಬೇಸ್ ಕುಸಿದ್ರೆ ಮುಖ ಹೇಗೆ ನಿಲ್ಲುತ್ತೆ ಹೇಳಿ.

ಇದಕ್ಕೆ ಅಲ್ಯೂಮಿನಿಯಂ ಫಾಯಿಲ್ ಬೆಸ್ಟ್. ಆದ್ರೆ ಸುಮ್ನೆ ಮುದ್ದೆ ಮಾಡಿದ್ರೆ ಸಾಲಲ್ಲ, ಇದನ್ನ ಒತ್ತಿ ಹೇಳ್ತೀನಿ, ಫಾಯಿಲ್ ನಡುವೆ ಗಾಳಿ ಉಳಿದ್ರೆ ಬಿಸಿಗೆ ಅದು ಹಿಗ್ಗಿ ಕ್ಲೇ ಉಬ್ಬುತ್ತೆ ಇಲ್ಲಾ ಸೀಳುತ್ತೆ. ಒಂದೊಂದೇ ಹಾಳೆ ಸುತ್ತಿ ಗಟ್ಟಿಯಾಗಿ ಹಿಸುಕಿ, ಟೇಬಲ್ ಮೇಲೆ ಉರುಳಿಸಿ, ಚಮಚದ ಬೆನ್ನಲ್ಲಿ ತಿಕ್ಕಿ ತಿಕ್ಕಿ ಮೇಲ್ಮೈಯಲ್ಲಿ ಒಂದೂ ಗುಳಿ ಇರದ ಹಾಗೆ ಮಾಡಿ. ಕುತ್ತಿಗೆ ಕಡೆಯಿಂದ ಗಟ್ಟಿ ತಂತಿ ತೂರಿಸ್ಬಿಟ್ರೆ ಹಿಡ್ಕೊಂಡು ಕೆಲಸ ಮಾಡೋಕೆ, ಆಮೇಲೆ ಓವನ್‌ನಲ್ಲಿ ಏನನ್ನೂ ತಾಗದ ಹಾಗೆ ನಿಲ್ಸೋಕೆ ಅನುಕೂಲ. ಕ್ಲೇ ಪದರ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ ದಪ್ಪ ಇರ್ಲಿ, 5-6 ಮಿ.ಮೀ. ಸಾಕು. ಓವನ್ ಗುಂಡಿ ತೋರಿಸೋ ಡಿಗ್ರಿ ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ. ಪಾಲಿಮರ್ ಕ್ಲೇ PVC ಅನ್ನೋ ಪ್ಲಾಸ್ಟಿಕ್‌ನಿಂದ ಮಾಡಿದ್ದಾಗಿರೋದ್ರಿಂದ ಸುಟ್ಟು ಕರಕಲಾದ್ರೆ ಹೈಡ್ರೋಜನ್ ಕ್ಲೋರೈಡ್ ಅನ್ನೋ ಗ್ಯಾಸ್ ಬರುತ್ತೆ, ಕಣ್ಣು ಗಂಟಲು ಉರಿಯುತ್ತೆ, ಹಾಗೇನಾದ್ರೂ ಆದ್ರೆ ಓವನ್ ಆಫ್ ಮಾಡಿ ಕಿಟಕಿ ತೆಗೆದು ಆಚೆ ಹೋಗ್ಬಿಡಿ.

ಪಾಲಿಮರ್‌ನಲ್ಲಿ ನಂಗೆ ತುಂಬಾ ಇಷ್ಟ ಆಗೋದು ಏನಂದ್ರೆ ಅದನ್ನ ಎಷ್ಟು ಸಲ ಬೇಕಾದ್ರೂ ಬೇಕ್ ಮಾಡ್ಬೋದು. ಮೊದ್ಲು ಬರೀ ಬುರುಡೆ ಆಕಾರ ಮಾಡಿ ಬೇಕ್ ಮಾಡ್ಕೊಳ್ಳಿ, ಆರಿದ ಮೇಲೆ ಅದರ ಮೇಲೆ ಮುಖ ಮಾಡಿ ಮತ್ತೆ ಇಡಿ, ಆಗ ತುಟಿ ತಿದ್ದೋವಾಗ ಹಿಡ್ಕೊಂಡಿರೋ ಕೈ ಒತ್ತಿ ಹಿಂದಲೆ ಅಪ್ಪಚ್ಚಿ ಆಗೋ ಭಯ ಇರಲ್ಲ. ಹಾಕೋ ಕಣ್ಣು ಗಾಜಿನದಾದ್ರೆ ಬೇಕ್ ಮಾಡೋಕೆ ಮೊದ್ಲೇ ಕೂರಿಸ್ಬೋದು, ಪ್ಲಾಸ್ಟಿಕ್‌ದಾದ್ರೆ ಬೇಡ, ಸೊಟ್ಟಗಾಗ್ಬೋದು.

ರೂಪರೇಖೆ:
ಇಬ್ರೂ ಕ್ಲೇ ಬಗ್ಗೆ ಚೆನ್ನಾಗಿ ಹೇಳಿದಾರೆ, ಆದ್ರೆ ಮುಖವಾಡದ ಥರ ಕಾಣುತ್ತೆ ಅನ್ನೋ ಮಾತಿಗೆ ಯಾರೂ ಉತ್ರ ಕೊಟ್ಟಿಲ್ಲ, ನನ್ ಪ್ರಕಾರ ಅದೇ ದೊಡ್ಡ ವಿಷ್ಯ. ತಲೆ ಯಾವತ್ತೂ ಉಂಡೆ ಅಲ್ಲ. ಪಕ್ಕದಿಂದ ಅಳೆದ್ರೆ ಹಣೆಯಿಂದ ಹಿಂದಲೆವರೆಗಿನ ಉದ್ದ ಹೆಚ್ಚುಕಮ್ಮಿ ತಲೆ ಎತ್ತರದಷ್ಟೇ ಇರುತ್ತೆ, ಎದುರಿಂದ ನೋಡಿದ್ರೆ ಅಗಲ ಅದಕ್ಕಿಂತ ತುಂಬಾ ಕಮ್ಮಿ. ನೀವು ಉಂಡೆಗೆ ಮುಂದೆ ಮುಖ ಸೇರಿಸ್ತೀರಾ, ಹಿಂದೆ ಏನೂ ಸೇರಿಸಲ್ಲ, ಗಲ್ಲ ಇಳಿಸೋಕೆ ಜಾಗನೂ ಇರಲ್ಲ. ಬೇಸ್‌ನಲ್ಲೇ ಬುರುಡೆ ಮಾಡ್ಕೊಳ್ಳಿ: ಎರಡು ಬದಿ ಸ್ವಲ್ಪ ಚಪ್ಪಟೆ, ಹಿಂದಲೆ ತುಂಬಿಕೊಂಡಿರ್ಬೇಕು, ಮುಂದೆ ಕಣ್ಣಿನ ಜಾಗದಲ್ಲಿ ಎರಡು ಗುಳಿ, ಕೆಳಗೆ ದವಡೆಗೆ ಒಂದು ತುಂಡು. ಹೀಗೆ ಮಾಡಿದ್ರೆ ಮೇಲಿನ ಕ್ಲೇ ತಾನಾಗೇ ತೆಳ್ಳಗೆ ಸಮನಾಗಿ ಬರುತ್ತೆ, ನಿಮ್ಮ ಬಿರುಕಿನ ಕಾಟನೂ ಅರ್ಧ ಕಮ್ಮಿ ಆಗುತ್ತೆ.

ಅಳತೆ ಬೇಕಂದ್ರೆ, ನೆತ್ತಿಯಿಂದ ಗಲ್ಲದವರೆಗೆ ನಡುಮಧ್ಯ ಒಂದು ಗೆರೆ ಎಳೀರಿ, ದೊಡ್ಡವರ ಮುಖಕ್ಕೆ ಕಣ್ಣು ಅಲ್ಲೇ ಬರುತ್ತೆ. ಮಗು ಮುಖ ಬೇಕಿದ್ರೆ ಕಣ್ಣು ಆ ಗೆರೆಗಿಂತ ಕೆಳಗೆ, ಹಣೆ ದೊಡ್ಡದು, ಗಲ್ಲ ಸಣ್ಣದು. ಹೊಸಬರೆಲ್ಲಾ ಕಣ್ಣನ್ನ ಮೇಲಕ್ಕೇ ಇಡ್ತಾರೆ, ಯಾಕಂದ್ರೆ ಕೂದಲು ಮುಚ್ಚಿರೋ ಭಾಗ ಲೆಕ್ಕಕ್ಕೇ ಬರಲ್ಲ. ಎರಡು ಕಣ್ಣಿನ ಮಧ್ಯೆ ಒಂದು ಕಣ್ಣಿನಷ್ಟು ಜಾಗ, ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದವರೆಗೆ, ಅದೂ ಪಕ್ಕದಿಂದ ನೋಡಿದಾಗ ತಲೆಯ ನಡುಗೆರೆಗಿಂತ ಸ್ವಲ್ಪ ಹಿಂದೆ. ಕಣ್ಣುಗುಡ್ಡೆ ಮೊದ್ಲು ಕೂರಿಸಿ, ಆಮೇಲೆ ರೆಪ್ಪೆನ ತೆಳ್ಳಗಿನ ಪಟ್ಟಿ ಮಾಡಿ ಮೇಲೆ ಹೊದಿಸಿ, ಬರೀ ಗೆರೆ ಕೊರೆದ್ರೆ ಕಣ್ಣಿಗೆ ಜೀವ ಬರಲ್ಲ. ಆಗಾಗ ತಲೆನ ಕನ್ನಡಿಲಿ ನೋಡ್ತಾ ಇರಿ, ಸೊಟ್ಟ ಇದ್ರೆ ತಕ್ಷಣ ಗೊತ್ತಾಗುತ್ತೆ. ಹಾಂ, ಕುತ್ತಿಗೆ ಕೊನೇಲಿ ಸುತ್ತ ಒಂದು ಕಾಲುವೆ ತೆಗೀರಿ, ಬಟ್ಟೆ ಮೈನ ದಾರದಲ್ಲಿ ಬಿಗಿದು ಕಟ್ಟೋಕೆ ಅದು ಬೇಕೇ ಬೇಕು.

ಬಟ್ಟೆಗೊಂಬೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಹಿಂದಲೆ ವಿಷ್ಯ ನನ್ ತಲೆಗೇ ಹೊಳೆದಿರ್ಲಿಲ್ಲ. ಸದ್ಯಕ್ಕೆ ಪೇಪರ್ ಕ್ಲೇನಲ್ಲೇ ಮುಂದುವರಿಸ್ತೀನಿ. ಈಗ ಬಿರುಕು ಬಿಟ್ಟಿರೋ ತಲೆ ಒಂದಿದೆ, ಅದರ ಮುಖ ನಂಗೆ ತುಂಬಾ ಇಷ್ಟ, ಗಾಜಿನ ಕಣ್ಣು ಹಾಕೋ ಆಸೆ. ಅದನ್ನ ಉಳಿಸ್ಕೊಳ್ಳೋಕೆ ಆಗುತ್ತಾ?

ಜೇಡಿಮಣ್ಣು:
ಖಂಡಿತ ಆಗುತ್ತೆ, ಎಸೀಬೇಡಿ. ಪೂರ್ತಿ ಒಣಗಿದೆ ತಾನೇ? ಎರಡೂ ಕಿವಿ ಹಿಂದೆ ನೆತ್ತಿ ಮೇಲೆ ಹಾದು ಹೋಗೋ ಹಾಗೆ ಪೆನ್ಸಿಲ್ ಗೆರೆ ಹಾಕಿ ಸಣ್ಣ ಗರಗಸದಲ್ಲಿ ನಿಧಾನಕ್ಕೆ ಕೊಯ್ದು ಎರಡು ಭಾಗ ಮಾಡಿ, ಒಳಗಿನ ಥರ್ಮಾಕೋಲ್ ಕೆರೆದು ತೆಗೀರಿ. ತಲೆ ಟೊಳ್ಳಾಗುತ್ತೆ, ಹಗುರನೂ ಆಗುತ್ತೆ, ಬಟ್ಟೆ ಕುತ್ತಿಗೆ ಮೇಲೆ ತೂಗಾಡಲ್ಲ. ಈಗ ಒಳಗಿಂದ ಕಣ್ಣಿನ ಜಾಗ ಕೊರೆದು ಗಾಜಿನ ಕಣ್ಣನ್ನ ಹಿಂದಿನಿಂದ ಇಟ್ಟು ನೋಡಿ, ನೋಟ ಸರಿ ಅನ್ಸೋವರೆಗೂ ತಿರುಗಿಸಿ, ಆಮೇಲೆ ಸುತ್ತ ಸ್ವಲ್ಪ ಹಸಿ ಕ್ಲೇ ಒತ್ತಿ ನಿಲ್ಸಿ. ಆ ಕ್ಲೇ ಒಣಗಿ ಕಣ್ಣು ಅಲ್ಲಾಡಲ್ಲ ಅಂತ ಗ್ಯಾರಂಟಿ ಆದ ಮೇಲೇ ಹಿಂದಲೆ ಮುಚ್ಚಿ. ಅಂಚಿಗೆ ಬಿಳಿ ಅಂಟು ಹಾಕಿ ಜೋಡಿಸಿ, ಕ್ಲೇ ಪೇಸ್ಟ್ ತುಂಬಿ, ಒಣಗಿದ ಮೇಲೆ ಉಜ್ಜಿ. ಹಿಂದಲೆಗೆ ತುಂಬಿಕೊಂಡಿರೋ ಆಕಾರ ಕೊಡ್ಬೇಕಂದ್ರೆ ಆ ತುಂಡಿನ ಮೇಲೆ ಇನ್ನೊಂದು ಪದರ ಈಗ್ಲೇ ಹಚ್ಚಿಬಿಡಿ, ಜೋಡಿಸೋ ಗೆರೆನೂ ಅದರ ಅಡೀಲೇ ಮುಚ್ಚಿಹೋಗುತ್ತೆ.