ಕತ್ತಲಲ್ಲಿ ಬೆಳೆಸಿದ ತಂಬಾಕು ಕೋಶಗಳಲ್ಲಿ ಫೈಟೋಕ್ರೋಮ್ ಅಳೆಯುವುದು ಹೇಗೆ?

ಪ್ರಶ್ನೆ (ಕೊಣಾಜೆ):
ಫೈಟೋಕ್ರೋಮ್ (ಕೆಂಪು, ಫಾರ್ ರೆಡ್ ಬೆಳಕಿಗೆ ಹಿಂದೆಮುಂದೆ ರೂಪ ಬದಲಿಸುವ ಸಸ್ಯ ಪ್ರೋಟೀನ್) ಅಳೆಯಲು, ಬೆಳಕಿಗಿಟ್ಟರೆ ಹಸಿರಾಗುವ ತಂಬಾಕು ಕೋಶಗಳನ್ನು ಎಂ.ಎಸ್. (ಮುರಾಶಿಗೆ-ಸ್ಕೂಗ್) ಪೋಷಕ ದ್ರವದಲ್ಲಿ (ಲೀಟರಿಗೆ 30 ಗ್ರಾಂ ಸಕ್ಕರೆ, ಪಿಎಚ್ 5.8) ಕತ್ತಲಲ್ಲೇ ಬೆಳೆಸಿದ್ದೇವೆ. ಐದನೇ ದಿನ ಸೋಸಿ, ಅಳೆಯುವ ಪಾರದರ್ಶಕ ಪಾತ್ರೆಯಾದ ಕ್ಯುವೆಟ್‌ಗೆ ತುಂಬಿ ಕೆಂಪು ಬೆಳಕು ಕೊಟ್ಟರೆ 660 ನ್ಯಾನೋಮೀಟರ್ ಬೆಳಕಿನ ಹೀರಿಕೆಯ ರೀಡಿಂಗ್ ಬದಲಾಗುತ್ತದೆ. ಆದರೆ ಫಾರ್ ರೆಡ್ (ಕೆಂಪಿಗಿಂತ ಉದ್ದ ಅಲೆಯ ಬೆಳಕು) ಕೊಟ್ಟಾಗ ವಾಪಸ್ ಬರುವುದಿಲ್ಲ. ತಪ್ಪು ಎಲ್ಲಿ?

ಉತ್ತರ (ಮಣಿಪಾಲ):
ವಾಪಸ್ ಬಾರದ ಬದಲಾವಣೆಯನ್ನು ಫೈಟೋಕ್ರೋಮ್ ಲೆಕ್ಕಕ್ಕೆ ಹಿಡಿಯಲೇಬೇಡಿ. ಕತ್ತಲಲ್ಲಿ ಕೂಡಿಟ್ಟ ಪ್ರೋಟೋಕ್ಲೋರೊಫಿಲೈಡ್ (ಎಲೆಹಸಿರಿನ ಪೂರ್ವರೂಪ) ಮೊದಲ ಕೆಂಪು ಬೆಳಕಿಗೇ ಕ್ಲೋರೊಫಿಲೈಡ್ ಆಗಿಬಿಡುತ್ತದೆ. 660ರ ಸುತ್ತ ಕಾಣುವುದು ಬಹುಶಃ ಅದೇ. ಮೊದಲ ಸುತ್ತು ಬಿಟ್ಟುಬಿಡಿ. ಆಮೇಲೆ ಕೆಂಪು, ಫಾರ್ ರೆಡ್, ಕೆಂಪು ಹೀಗೆ ಮೂರು ಸುತ್ತು ಕೊಟ್ಟು, 730 ಮತ್ತು 800 ನ್ಯಾನೋಮೀಟರ್‌ಗಳ ವ್ಯತ್ಯಾಸ ಓದಿ. ಕೋಶದ ಮುದ್ದೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿ ಒತ್ತಿ ತುಂಬಿ: ಬೆಳಕು ಒಳಗೇ ಚದುರಿ ಹೆಚ್ಚು ದೂರ ಸಾಗುವುದರಿಂದ ಸಿಗ್ನಲ್ ಎದ್ದು ಕಾಣುತ್ತದೆ, ಕೋಶ ತಳಕ್ಕೆ ಕೂರುವ ಕಾಟವೂ ಇಲ್ಲ.

ಇನ್ನೊಂದು, ಮಳೆಗಾಲದಲ್ಲಿ ಐಸಿನಿಂದ ತೆಗೆದ ಕ್ಯುವೆಟ್ ನಮ್ಮ ಕರಾವಳಿಯ ಗಾಳಿಗೆ ಕ್ಷಣದಲ್ಲಿ ಬೆವರುತ್ತದೆ. ಆ ಮಂಜು ಕೂಡ ರೀಡಿಂಗ್ ಏರಿಸುತ್ತದೆ. ಒರೆಸಿ, ಹೋಲ್ಡರಿಗೆ ಒಣ ನೈಟ್ರೋಜನ್ ಹಾಯಿಸಿ.

ಉತ್ತರ (ಸುರತ್ಕಲ್):
ಫ್ಲಾಸ್ಕಿಗೆ ಫಾಯಿಲ್ ಸುತ್ತಿದರೂ ಮೇಲಿನ ಹತ್ತಿ ಬಿರಡೆ ತೆರೆದಿರುತ್ತದೆ, ಅಲ್ಲಿಂದ ಬೆಳಕು ಇಳಿಯುತ್ತದೆ. ಶೇಕರಿನ ಕೆಂಪು ಸೂಚಕ ದೀಪಕ್ಕೂ ಕಪ್ಪು ಟೇಪ್ ಅಂಟಿಸಿ. ಫೈಟೋಕ್ರೋಮ್ ಎ ಒಮ್ಮೆ ಪಿಎಫ್ಆರ್ ರೂಪಕ್ಕೆ (ಕೆಂಪು ಬೆಳಕು ಬಿದ್ದಾಗ ಆಗುವ ರೂಪ) ಬಂದರೆ ಕೋಶವೇ ಅದನ್ನು ಬೇಗ ಒಡೆದುಹಾಕುತ್ತದೆ. ಸೋಸುವಾಗ ಮಂದ ಹಸಿರು ದೀಪ ಸಾಕು, ಅದನ್ನೂ ಹೊತ್ತುಗಟ್ಟಲೆ ಉರಿಸಬೇಡಿ. ಜೊತೆಗೆ ಕತ್ತಲಲ್ಲಿ ನಾಲ್ಕೈದು ದಿನ ಮೊಳೆತ ಮೆಕ್ಕೆಜೋಳದ ಸಸಿಯನ್ನೂ ಅಳೆಯಿರಿ. ಅದರಲ್ಲೂ ಸಿಗದಿದ್ದರೆ ದೋಷ ಉಪಕರಣದ್ದು, ಕೋಶದ್ದಲ್ಲ.

ಪ್ರಶ್ನೆ (ಕೊಣಾಜೆ):
ಧನ್ಯವಾದ ಸರ್. ಸಾರ ತೆಗೆದರೆ ಫಾರ್ ರೆಡ್ ಶಿಖರ 730ರ ಬದಲು 722ಕ್ಕೆ ಬರುತ್ತಿದೆ.

ಉತ್ತರ (ಮಣಿಪಾಲ):
ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಫೈಟೋಕ್ರೋಮಿನ ತುದಿ ಕತ್ತರಿಸಿದೆ ಮಾರಾಯ್ರೆ. 124 ಕಿಲೋಡಾಲ್ಟನ್ ಇದ್ದದ್ದು 118, 114ಕ್ಕೆ ಇಳಿದಿರುತ್ತದೆ. ಆ ತುಂಡಾಗುವಿಕೆ ಪಿಆರ್ ರೂಪದಲ್ಲೇ (ಕತ್ತಲಲ್ಲಿರುವ ರೂಪ) ಹೆಚ್ಚು. ಆದ್ದರಿಂದ, ಕೋಶ ಅದನ್ನು ಒಡೆಯದಂತೆ ಐಸಿನ ಮೇಲಿಟ್ಟು ಕೆಂಪು ಬೆಳಕು ಕೊಟ್ಟು, ಪಿಎಫ್ಆರ್ ಆಗಿಸಿಯೇ ಅರೆಯಿರಿ. ಬಫರ್: 100 ಮಿಲಿಮೋಲಾರ್ ಟ್ರಿಸ್ ಪಿಎಚ್ 8.3, ಶೇ. 50 ಎಥಿಲೀನ್ ಗ್ಲೈಕಾಲ್, 10 ಮಿಲಿಮೋಲಾರ್ ಇಡಿಟಿಎ. ಪ್ರೋಟಿಯೇಸ್ ತಡೆಯುವ ಪಿಎಂಎಸ್ಎಫ್ 4 ಮಿಲಿಮೋಲಾರ್ ಆಗುವಂತೆ ಅರೆಯುವ ಹೊತ್ತಿಗೇ ಹಾಕಿ. ಈ ಪಿಎಚ್‌ನಲ್ಲಿ ಅದು ಗಂಟೆ ಕಳೆಯುವುದರೊಳಗೆ ಬಲ ಕಳೆದುಕೊಳ್ಳುತ್ತದೆ.